ಬಾಗಿಲೊಂದನ್ನು ಬಿಟ್ಟು

ಬಾಗಿಲೊಂದನ್ನು ಬಿಟ್ಟರೆ ಕಾರೆಲ್ಲ ಅವಳ ಮಾತು ಕೇಳಿತ್ತು. ಬೆಳಿಗ್ಗೆ ಬಂದವಳೇ ತೊಳೆದು, ಕನ್ನಡಿಗಳ ಸಂದಿಯಲ್ಲಿ ಅಡಗಿ ಕೂತು ಆಮೇಲೆ ಮೆಲ್ಲಗೆ ಇಳಿಯುವ ಹನಿಗಳನ್ನೂ ಬಿಡದೆ ಒರೆಸಿ, ಬಿಸಿಲು ತಾಗದ ಹಾಗೆ ಶೆಡ್ಡಿನ ಒಳಗೆ ತಂದು ನಿಲ್ಲಿಸಿದ್ದಳು. ಬಾನೆಟ್ಟಿನ ಮೇಲೆ ಕೈ ಮಗುಚಿಟ್ಟು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ ನೋಡಿದಳು. ತಣ್ಣಗಿತ್ತು. ಬಿಸಿ ತಗಡಿಗೆ ಸ್ಪ್ರೇ ವ್ಯಾಕ್ಸ್ ಹೊಡೆಯುವ ಆತುರಗಾರರನ್ನು ಕಂಡರೆ ಅವಳಿಗಾಗದು. ಹೊಡೆದದ್ದು ಬಿದ್ದಲ್ಲೇ ಒಣಗಿ ಕಲೆ ಕೂರುತ್ತದೆ; ಆಮೇಲೆ ಉಜ್ಜಿ ಉಜ್ಜಿ ತೋಳು ಬಿದ್ದುಹೋಗಬೇಕು. ಅವಳದು ಬೇರೆ ರೀತಿ. ಮೊದಲು ಟಾಪು, ಆಮೇಲೆ ಬಾನೆಟ್ಟು, ಆಮೇಲೆ ಒಂದೊಂದೇ ಬಾಗಿಲು. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟುವುದಿಲ್ಲ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಮಡಿಸಿದ ಬಟ್ಟೆಗೆ ಒಂದೆರಡು ಸಲ ಪುಸ್ ಪುಸ್ ಎನ್ನಿಸಿ, ತೆಳ್ಳಗೆ ಸವರಿ, ಅದು ಆರುವ ಮೊದಲೇ ಬಟ್ಟೆಯನ್ನು ಮಗುಚಿ ಒಣ ಮುಖದಿಂದ ಒರೆಸಿದರೆ, ಗಾಢ ನೀಲಿ ಒಳಗಿನಿಂದಲೇ ಎದ್ದು ಬರುತ್ತಿತ್ತು. ಹೊಳಪು ಅಂದರೆ ಬಳಿಯೋದಲ್ಲ, ಒರೆಸಿ ತೆಗೆಯೋದು ಎಂದು ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳುತ್ತಿದ್ದಳು. ಹೇಳುವಾಗ ತನ್ನ ದನಿ ಸ್ವಲ್ಪ ಏರುವುದು ಅವಳಿಗೂ ಗೊತ್ತಿತ್ತು. ಏರಲಿ. ಈ ಊರಿನಲ್ಲಿ ಈ ಕೆಲಸವನ್ನು ತನಗಿಂತ ಚೆನ್ನಾಗಿ ಮಾಡುವವರು ಇದ್ದರೆ ಬರಲಿ, ನೋಡೋಣ.

ಕಾರು ಅಕ್ಕನದು. ಬಾಗಿಲು ಭಾವನ ಕೃಪೆ. ಅಕ್ಕ ಮಗಳ ಮನೆಗೆಂದು ಊರು ಬಿಟ್ಟದ್ದೇ ತಡ, ಮುಟ್ಟಕೂಡದೆಂದು ಅವಳು ಬಾಯಿಬಿಟ್ಟು ಹೇಳಿಹೋಗಿದ್ದ ಕಾರನ್ನು ಭಾವ ಒಂದು ಶೇವಿಂಗ್ ಬ್ಲೇಡು ತರುವ ಘನಕಾರ್ಯಕ್ಕೆ ಹೊರಗೆ ತೆಗೆದಿದ್ದರು. ವಾಪಸು ಬರುವಾಗ ಗೇಟಿನ ಕಂಬ ಪಕ್ಕಕ್ಕೆ ಸರಿಯಲಿಲ್ಲ. ಎಡಗಡೆಯ ಹಿಂದಿನ ಬಾಗಿಲಿನ ಬಣ್ಣ ಉದ್ದಕ್ಕೂ ಕಿತ್ತುಬಂದು, ಒಳಗಿನ ತಗಡು ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಆ ಮಧ್ಯಾಹ್ನವೇ ಭಾವ ಕಾರನ್ನು ಅವಳು ಕೆಲಸ ಮಾಡುವ ಈ ವರ್ಕ್‌ಶಾಪಿಗೆ ತಂದು, ಎಂದೂ ಕರೆಯದ ದನಿಯಲ್ಲಿ 'ಪುಟ್ಟೀ' ಎಂದು ಕರೆದಿದ್ದರು. ವರ್ಕ್‌ಶಾಪಿನ ಪೇಂಟರ್ ಮುದುಕ ಪುಣ್ಯಾತ್ಮ. ಮುನಿಸಿಕೊಂಡವನ ಹಾಗೆ ಯಾರೊಡನೆಯೂ ಮಾತಾಡದೆ, ತಗ್ಗು ತುಂಬಿ, ತೀಡಿ, ಬಣ್ಣ ಹೊಡೆದು, ಅದು ಆರುವಾಗ ಕೂತಿದ್ದ ಧೂಳಿನ ಕಣಗಳನ್ನು ನುಣುಪು ಮರಳುಕಾಗದದಿಂದ ತೆಗೆದು, ಹೊರಡುವಾಗ ಅವಳಿಗೆ ಒಂದೇ ಮಾತು ಹೇಳಿದ್ದ: 'ಎರಡು ತಿಂಗಳು ಇದರ ಮೈಮೇಲೆ ಏನೂ ಬೇಡ.' ಕಾಗದ ಆಡಿಸಿದ ಕಡೆ ತೆಳುವಾದೊಂದು ಮಂಕು ಉಳಿದಿತ್ತು. ಪಕ್ಕದ ಬಾಗಿಲಿನಲ್ಲಿ ಅವಳ ಮುಖ ಹುಬ್ಬಿನ ಕೂದಲ ಸಮೇತ ಕಾಣುತ್ತಿದ್ದರೆ, ಇದರಲ್ಲಿ ಸ್ನಾನದ ಮನೆಯ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಗಮನಿಸದೆಯೂ ಇರಬಹುದಿತ್ತು. ಅಕ್ಕ ಮನೆಯ ಮುಂಭಾಗದಲ್ಲೇ ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ಹೊಲಿಗೆಯೊಂದು ಕೂದಲೆಳೆಯಷ್ಟು ಓರೆಯಾದರೂ ರಸ್ತೆಯ ಆಚೆ ಬದಿಯಿಂದ ಕಂಡುಹಿಡಿಯುವ ಹೆಂಗಸು.

ಆ ಅಕ್ಕ ಈಗ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಗಲ್ಲ, ನೇರ ಇಲ್ಲಿಗೆ. 'ನಿನಗೆ ಖುಷಿಯಾಗಲಿ ಅಂತ ಕಾರು ಪಾಲಿಶ್‌ಗೆ ಕೊಟ್ಟಿದ್ದೀನಿ, ಬಂದು ತಗೊಂಡು ಹೋಗು' ಎಂದು ಭಾವ ಫೋನಿನಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ಮನೆಯಲ್ಲಿ ಕೂರಲಾಗದೆ ತಾವೂ ಬಂದು, ಶೆಡ್ಡಿನ ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ತಮ್ಮ ಚೀಲದಿಂದಲೇ ಒಂದು ಪೇಪರ್ ತೆಗೆದು ಹಾಸಿಕೊಂಡು ಕೂತಿದ್ದರು. ಆ ಪೇಪರ್ ಹಾಸುವ ರೀತಿಯನ್ನು ಅವಳು ಬಲ್ಲಳು. ಮೂಲೆಯಿಂದ ಮೂಲೆಗೆ ಎಳೆದು, ಅಂಗೈಯಿಂದ ಸವರಿ, ಸುಕ್ಕು ಬಿಡಿಸಿ. ಹಿಂದೊಂದು ಸಂಜೆಯೂ ಹಾಗೆಯೇ ಹಾಸಿದ್ದರು. ಕೆಲಸ ಮುಗಿಸಿ, ಹಾದಿಯಲ್ಲೇ ಇದೆಯಲ್ಲ ಎಂದು ಅಕ್ಕನ ಮನೆಗೆ ಹೋಗಿದ್ದಳು. ಸೋಫಾದ ಮೇಲೆ ಕೂರಲು ಹೋದಾಗ ಭಾವ, 'ಒಂದು ನಿಮಿಷ ಇರಮ್ಮಾ' ಎಂದು ಅವತ್ತಿನ ಪೇಪರನ್ನು ಬಿಡಿಸಿ ಅವಳಿಗಾಗಿ ಹಾಸಿದರು. ಬಹಳ ಮರ್ಯಾದೆಯಿಂದಲೇ ಹಾಸಿದರು, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಕೂತಳು. ಅಲುಗಾಡಿದಾಗಲೆಲ್ಲ ಪೇಪರ್ ಸರಸರ ಎನ್ನುತ್ತಿತ್ತು, ಹಾಗಾಗಿ ಅಲುಗಾಡದೆ ಕೂತಳು. ಎದುರಿಗೆ ಅಳತೆ ಕೊಡಲು ಬಂದ ಗಿರಾಕಿ ಹೆಂಗಸೊಬ್ಬಳು, ಇವರು ಯಾರು ಎಂದಳು. 'ನನ್ನ ತಂಗಿ. ಕಾರಿನ ಕಂಪನೀಲಿ ಇದ್ದಾಳೆ' ಎಂದಳು ಅಕ್ಕ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆಯೇ. 'ಆಫೀಸ್ ಕೆಲಸಾನಾ?' ಎಂದಳು ಗಿರಾಕಿ. ಅಕ್ಕ ಸುಮ್ಮನೆ ಟೇಪು ಸುತ್ತಿದಳು. ಹ್ಞೂ ಎಂದದ್ದು ಅಕ್ಕನಲ್ಲ, ತಾನೇ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಕ್ಕ ಬರೀ ಬಾಗಿಲು ತೆರೆದಿಟ್ಟಿದ್ದಳು, ಒಳಗೆ ಹೋಗಿ ಕೂತವಳು ತಾನು. ಹ್ಞೂ ಎಂದಳಲ್ಲದೆ, ಉಗುರಿನ ಸಂದಿಯ ಕಪ್ಪು ಕಾಣದಿರಲೆಂದು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು. ಯಾರನ್ನು ಬೈಯಬೇಕು?

ಅದಕ್ಕೇ ಈ ಕಾರು ಕೈಗೆ ಬಂದಾಗ ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು. ಇಷ್ಟು ದಿನ ಅಕ್ಕ ಕಾರನ್ನು ಬೇರೆಲ್ಲೋ ತೊಳೆಸುತ್ತಿದ್ದಳು. ತಂಗಿಯ ಕೈಲಿ ತೊಳೆಸೋಕೆ ಮನಸ್ಸು ಬರಲ್ಲ ಎನ್ನುತ್ತಿದ್ದಳು, ಅದು ಪ್ರೀತಿಯೋ ನಾಚಿಕೆಯೋ ದೇವರಿಗೇ ಗೊತ್ತು. ಭಾವ ಗುದ್ದಿದ್ದರಿಂದ ಬಂತು. ಬರಲಿ, ಹೇಗಾದರೂ ಬರಲಿ. ಅವಳಿಗೆ ಬೇಕಿದ್ದದ್ದು ಇಷ್ಟೇ: ಅಕ್ಕ ಈ ಕಾರಿನ ಸುತ್ತ ಒಂದು ಸುತ್ತು ಬರಬೇಕು, ಆ ಹದ್ದಿನ ಕಣ್ಣಿನಿಂದಲೇ ನೋಡಬೇಕು, ನೋಡಿ ಇದು ನನ್ನ ತಂಗಿಯ ಕೆಲಸ ಎಂದು ಬಾಯಿಬಿಟ್ಟು ಅನ್ನಬೇಕು. ಹೊಗಳದಿದ್ದರೂ ಸರಿ. ಅಂದರೆ ಸಾಕು.

'ಅದೊಂದನ್ನ ಯಾಕೆ ಬಿಟ್ಟೆ?' ಎಂದರು ಭಾವ ಸ್ಟೂಲಿನಿಂದ.

'ಅದಕ್ಕೆ ಹೊಡೆಯೋ ಹಾಗಿಲ್ಲ ಭಾವ.'

'ಮಿಕ್ಕಿದ್ದಕ್ಕೆಲ್ಲ ಹೊಡೆದೆಯಲ್ಲ.'

'ಮಿಕ್ಕಿದ್ದು ಹಳೇ ಬಣ್ಣ. ಇದು ಮೊನ್ನೆ ಹೊಡೆದಿದ್ದು. ಮುಟ್ಟಿದರೆ ಒಣಗಿದ ಹಾಗಿರುತ್ತೆ, ಒಳಗಡೆ ಇನ್ನೂ ಆರ್ತಾ ಇರುತ್ತೆ. ಈಗ ಮೇಲೆ ವ್ಯಾಕ್ಸ್ ಮುಚ್ಚಿಬಿಟ್ಟರೆ ಒಳಗಿರೋದಕ್ಕೆ ಹೊರಗೆ ಬರೋಕೆ ದಾರಿ ಇಲ್ಲ. ಆಮೇಲೆ ಬಣ್ಣ ಕೆಡುತ್ತೆ, ಸಣ್ಣ ಸಣ್ಣ ಗುಳ್ಳೆ ಏಳುತ್ತೆ.'

ಭಾವನ ಮುಖ ಅರಳಿತು. 'ಆಮೇಲೆ ತಾನೆ?'

'ಆಮೇಲೆ ಅಂದರೆ?'

'ಇವತ್ತೇ ಅಲ್ಲವಲ್ಲ. ಆಮೇಲಿಂದು ಆಮೇಲೆ ನೋಡಿಕೊಳ್ಳೋಣ. ಇವತ್ತು ಅವಳಿಗೆ ಕಾಣಿಸದೆ ಇದ್ದರೆ ಸಾಕು. ಒಂದೇ ಒಂದು ಸಲ ಹೊಡಿ, ತೆಳ್ಳಗೆ.'

'ಕಾಣಿಸಿದರೆ?'

ಭಾವ ಎದ್ದು ಬಂದರು. ಪೇಪರ್ ಅವರ ಪ್ಯಾಂಟಿಗೆ ಅಂಟಿ ಒಂದು ಹೆಜ್ಜೆ ಜೊತೆಗೇ ಬಂದು ಬಿತ್ತು. 'ಕಾಣಿಸಿದರೆ ನಿನ್ನ ಕೈಲಿ ಆಯ್ತು ಅನ್ನು. ತೊಳೆಯೋವಾಗ ಏನೋ ತಗುಲಿತು ಅನ್ನು. ನೀನು ಅಂದರೆ ಎರಡು ಬೈದು ಸುಮ್ಮನಾಗ್ತಾಳೆ, ಒಡಹುಟ್ಟಿದವಳು. ನಂದು ಹಾಗಲ್ಲ ಪುಟ್ಟೀ. ನಾನು ದಿನಾ ಅದೇ ಮನೇಲಿ ಊಟ ಮಾಡಬೇಕು.'

ಅವಳಿಗೆ ನಗು ಬಂತು. ನಗಲಿಲ್ಲ, ಏಕೆಂದರೆ ಆ ಮನುಷ್ಯನ ಹೆದರಿಕೆ ನಿಜವಾಗಿತ್ತು. ಆಫೀಸಿನಲ್ಲಿದ್ದಾಗ ಗತ್ತಿನಿಂದ ಇದ್ದವರು. ರಿಟೈರಾದ ಮೇಲೆ ಹೆಂಡತಿಯ ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ಏನು ಮಾಡಬೇಕೆಂದು ತೋಚದೆ, ದಿನಕ್ಕೊಂದು ಸಲ ಬ್ಲೇಡಿಗೋ ಬೆಂಕಿಪೊಟ್ಟಣಕ್ಕೋ ನೆಪ ಹುಡುಕುವವರು. ಕಾರು ಅಕ್ಕನ ದುಡಿಮೆಯದು, ಅಕ್ಕನ ಹೆಸರಿನದು. ಅದನ್ನು ಒಂದು ಸಲ ತಾನೂ ಓಡಿಸಿ ನೋಡಬೇಕೆಂಬ ಆಸೆ ತಪ್ಪೇನಲ್ಲ. ಹೀಗೆಲ್ಲ ಅವರ ಪರ ಯೋಚಿಸುತ್ತಿರುವಾಗಲೇ, ಅವರು ತನ್ನೆದುರು ಹೀಗೆ ಕೈ ಹಿಸುಕುತ್ತ ನಿಂತದ್ದು ತನಗೆ ಹಿತವಾಗಿದೆ ಎಂಬುದೂ ಅವಳಿಗೆ ತಿಳಿಯುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎನಿಸಿತು. ಛೆ, ಎಂಥ ಬುದ್ಧಿ. ಆದರೂ ನಿಲ್ಲಲಿ. 'ನೋಡೋಣ ಕೂತ್ಕೊಳಿ' ಎಂದು, ವೈದ್ಯರು ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ ಹೇಳಿ, ಡಿಕ್ಕಿಯ ಕಡೆಗೆ ಹೋದಳು.

ಡಿಕ್ಕಿಗೆ ಒಣ ಬಟ್ಟೆಯಿಂದ ಇನ್ನೊಂದು ಕೈ ಎಳೆದಳು, ಬಲಗಡೆಯ ಎರಡು ಬಾಗಿಲಿಗೂ ಎಳೆದಳು. ಸುತ್ತಿಕೊಂಡು ಮತ್ತೆ ಆ ಬಾಗಿಲಿನ ಎದುರೇ ಬಂದು ನಿಂತಿದ್ದಳು. ಅದರ ಅಕ್ಕಪಕ್ಕ ಎಷ್ಟು ಹೊಳೆದರೆ ಇದು ಅಷ್ಟು ಮಂಕಾಗಿ ಕಾಣುತ್ತಿತ್ತು. ತನ್ನ ಕೈಚಳಕವೇ ತನಗೆ ಮುಳುವಾಗುತ್ತಿತ್ತು. ಒಂದೆರಡು ಕಡೆ ಅರೆಬರೆ ಕೆಲಸ ಮಾಡಿದ್ದರೆ ಇದೂ ಗುಂಪಿನಲ್ಲಿ ಗೋವಿಂದ ಎಂದು ಸೇರಿಹೋಗುತ್ತಿತ್ತು. ಅವಳು ಬಾಟಲಿ ಕುಲುಕಿದಳು. ಸುಳ್ಳಿಗೆ ಅವಳು ಅಷ್ಟೇನೂ ಹೆದರುವವಳಲ್ಲ. ದಿನಕ್ಕೆ ಹತ್ತು ಗಿರಾಕಿಗಳಿಗೆ 'ಇನ್ನೇನು ಆಯ್ತು' ಎನ್ನುವ ಬಾಯಿ. ಭಾವನಿಗೋಸ್ಕರ ಹೊಡೆಯುವುದಾದರೆ ಅದೊಂದು ಉಪಕಾರ, ದೊಡ್ಡ ಮಾತಲ್ಲ. ಆದರೆ ಭಾವ ಕೇಳದೇ ಇದ್ದಿದ್ದರೂ ತಾನು ಇಲ್ಲಿ ಹೀಗೇ ನಿಂತಿರುತ್ತಿದ್ದೆ, ಬಾಟಲಿ ಹಿಡಿದುಕೊಂಡೇ ನಿಂತಿರುತ್ತಿದ್ದೆ ಎಂಬುದು ಈಗ ಥಟ್ಟನೆ ಹೊಳೆಯಿತು. ಅಕ್ಕ ಬಂದು ಮೊದಲು ನೋಡುವುದು ಇದನ್ನೇ. ನೋಡಿ, 'ಇದೇನೇ ನಿನ್ನ ಕೆಲಸ?' ಎನ್ನುತ್ತಾಳೆ. ಬಣ್ಣ ಆರಬೇಕು, ಎರಡು ತಿಂಗಳು ಬೇಕು ಎಂದೆಲ್ಲ ವಿವರಿಸಿದರೆ ಅದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಕೇಳಿಸುತ್ತದೆ. ಒಂದು ಸಲ, ತೆಳ್ಳಗೆ. ಮಂಕೆಲ್ಲ ತುಂಬಿಕೊಂಡು ಇಡೀ ಕಾರು ಒಂದೇ ನೀಲಿ ಆಗುತ್ತದೆ. ಅಕ್ಕ ಒಂದು ಸುತ್ತು ಬರುತ್ತಾಳೆ, ತಾನು ಕೇಳಬೇಕೆಂದಿದ್ದ ಮಾತು ಅವಳ ಬಾಯಿಂದ ಬರುತ್ತದೆ. ಗುಳ್ಳೆ ಏಳುವುದು ಆಮೇಲೆ. ಆಮೇಲೆ ತಾನೆ? ಭಾವನ ಮಾತು ತನ್ನ ತಲೆಯೊಳಗೆ ತನ್ನದೇ ದನಿಯಲ್ಲಿ ಕೇಳಿಸಿತು. ಬಟ್ಟೆಗೆ ಪುಸ್ ಎನ್ನಿಸಿದಳು. ಬಾಗಿಲಿನ ಹತ್ತಿರ ಬಗ್ಗಿದಳು. ಭಾವ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದದ್ದು ಇಲ್ಲಿಯ ತನಕ ಕೇಳಿಸಿತು.

ಕೈ ಮುಂದೆ ಹೋಗಲಿಲ್ಲ. ಒಳ್ಳೆಯತನವೇನಲ್ಲ, ಆ ಹೊತ್ತಿನಲ್ಲಿ ಅವಳಿಗೆ ಅಕ್ಕನೂ ನೆನಪಿರಲಿಲ್ಲ, ಸತ್ಯವೂ ನೆನಪಿರಲಿಲ್ಲ. ಬಣ್ಣದ ಹಸಿ ವಾಸನೆ ಮೂಗಿಗೆ ಬಂತು, ಅಷ್ಟೆ. ಆರಿ ಹೋಗದೆ ಉಳಿದ, ತೆಳ್ಳಗಿನ, ಸಿಹಿ ಕಲೆತ ವಾಸನೆ. ಬಾಗಿಲು ಇನ್ನೂ ಉಸಿರು ಬಿಡುತ್ತಿದೆ ಎಂದು ಮೂಗೇ ಹೇಳಿತು. ಉಸಿರಾಡುತ್ತಿರುವುದರ ಬಾಯಿ ಮುಚ್ಚಲು ಬಟ್ಟೆ ಹಿಡಿದು ಬಗ್ಗಿದ್ದೇನಲ್ಲ ಎನಿಸಿ, ಬಗ್ಗಿದ್ದಷ್ಟೇ ನಿಧಾನವಾಗಿ ನೆಟ್ಟಗಾದಳು. ಬಟ್ಟೆಗೆ ಹೊಡೆದದ್ದು ವ್ಯರ್ಥವಾಗದಿರಲೆಂದು ಹಿಂದಿನ ಬಂಪರಿಗೆ ಇನ್ನೊಂದು ಕೈ ಸವರಿ, ಬಟ್ಟೆ ಮಗುಚಿ, ಹೊಳೆಯುವ ತನಕ ಒರೆಸಿದಳು. ಬಾಟಲಿಯ ಮೂತಿಯನ್ನು ತಿರುಗಿಸಿ ಬಂದ್ ಮಾಡಿ ಕಪಾಟಿನಲ್ಲಿಟ್ಟಳು.

'ಹೊಡೀಲಿಲ್ಲ?' ಎಂದರು ಭಾವ.

'ಇಲ್ಲ ಭಾವ.'

'ಅವಳಿಗೆ ಏನು ಹೇಳ್ತೀಯ?'

'ಕೇಳಿದ್ದಕ್ಕೆ ಹೇಳ್ತೀನಿ.'

ಭಾವ ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶೆಡ್ಡಿನ ಹೊರಗೆ ಆಟೋ ನಿಂತು, ಅಕ್ಕನ ಗಂಟಲು ಕೇಳಿಸಿತು. ಡ್ರೈವರ್ ಬ್ಯಾಗನ್ನು ಒದ್ದೆ ನೆಲದ ಮೇಲೆ ಇಟ್ಟನೆಂದು ಅವನಿಗೆ ಬುದ್ಧಿ ಹೇಳುತ್ತಿದ್ದಳು. ಆಮೇಲೆ ಅಕ್ಕನೇ ಬಂದಳು. ಪ್ರಯಾಣದಲ್ಲಿ ಕೂದಲು ಕೆದರಿತ್ತು, ಕಣ್ಣು ಮಾತ್ರ ಕೆದರಿರಲಿಲ್ಲ. ಗಂಡನನ್ನು ನೋಡಿ 'ಊಟ ಆಯ್ತಾ?' ಎಂದಳು, ತಂಗಿಯನ್ನು ನೋಡಿ 'ಇಳಿದುಹೋಗಿದ್ದೀಯ' ಎಂದಳು, ಎರಡಕ್ಕೂ ಉತ್ತರ ಕಾಯದೆ ಕಾರಿನ ಕಡೆಗೆ ಹೊರಟಳು. ಬಾನೆಟ್ಟಿನ ಮುಂದೆ ನಿಂತಳು. ತಲೆ ಓರೆ ಮಾಡಿ, ಬೆಳಕಿಗೆ ಅಡ್ಡವಾಗಿ, ಬಟ್ಟೆಯ ನೇಯ್ಗೆ ನೋಡುವ ಹಾಗೆ ನೋಡಿದಳು. ಟಾಪಿನ ಅಂಚಿನುದ್ದಕ್ಕೆ ಬೆರಳು ಎಳೆದು, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಬಲಗಡೆಯಿಂದ ಸುತ್ತಿ ಬಂದಳು, ಡಿಕ್ಕಿ ದಾಟಿದಳು. ಅಕ್ಕನ ಹೆಜ್ಜೆ ನಿಂತಿತು.

'ಅದು, ಏನಾಯ್ತು ಅಂದರೆ' ಎಂದರು ಭಾವ, ಯಾರೂ ಕೇಳದಿದ್ದರೂ. 'ಇವಳ ಕೈಲಿ ಸ್ವಲ್ಪ ತಗುಲಿಬಿಡ್ತಂತೆ. ಬೈಬೇಡ. ಪಾಪ, ತಾನೇ ಸರಿ ಮಾಡಿಸಿದ್ದಾಳೆ.'

ತನಗೆ ಸಿಟ್ಟು ಬರುತ್ತದೆಂದು ತಂಗಿ ಕಾದಳು. ಬರಲಿಲ್ಲ. ಭಾವನ ಕಿವಿ ಕೆಂಪಗಾಗಿದ್ದು ಕಾಣಿಸಿತು, ಅವರ ಶರ್ಟಿನ ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿದ್ದು ಕಾಣಿಸಿತು. ಇಷ್ಟು ವರ್ಷ ತಾನು ಮುದುರಿ ಕೂತದ್ದು ಇವರ ಎದುರಿಗೆ. 'ಭಾವ, ನನ್ನ ಕೈಲಿ ಆಗಿಲ್ಲ' ಎಂದಳು. ದನಿ ಏರಲಿಲ್ಲ, ನಡುಗಲೂ ಇಲ್ಲ.

ಅಕ್ಕ ಇಬ್ಬರನ್ನೂ ನೋಡಲಿಲ್ಲ. ಬಾಗಿಲನ್ನೇ ನೋಡುತ್ತ, 'ಬೇರೆದೆಲ್ಲ ಹೀಗೆ ಫಳಫಳ ಅಂತಿದೆ, ಇದೊಂದು ಯಾಕೆ ಹೀಗೆ?' ಎಂದಳು.

'ಹೊಸ ಬಣ್ಣ ಅಕ್ಕ. ಪೂರ್ತಿ ಆರೋಕೆ ಎರಡು ತಿಂಗಳು ಬೇಕು. ಅಲ್ಲಿ ತನಕ ವ್ಯಾಕ್ಸ್ ಹೊಡೆಯಬಾರದು.'

'ಹೊಡೆದಿದ್ದರೆ ನನಗೆ ಗೊತ್ತಾಗ್ತಿತ್ತಾ?'

'ಇವತ್ತು ಗೊತ್ತಾಗ್ತಿರಲಿಲ್ಲ.'

ಅಕ್ಕ ಬಗ್ಗಿ ಬಾಗಿಲನ್ನು ಹತ್ತಿರದಿಂದ ನೋಡಿದಳು. 'ನೆನೆಸದೆ ಇರೋ ಬಟ್ಟೆ ಹೊಲಿದು ಕೊಟ್ಟ ಹಾಗೆ ಅನ್ನು' ಎಂದಳು ಕೊನೆಗೆ. 'ಹಾಕ್ಕೊಂಡ ದಿನ ರಾಣಿ, ಒಗೆದ ದಿನ ಗೋಣಿ.' ಅಂಗಡಿಗೆ ಬರುವವರು ನಾಳೆಯೇ ಬೇಕು, ಹಾಗೇ ಹೊಲಿದು ಕೊಡಿ ಎಂದು ಗೋಗರೆದಾಗ ಅಕ್ಕ, ಒಗೆದರೆ ಕುಗ್ಗುತ್ತದೆ ಎಂದು ಬಟ್ಟೆಯನ್ನು ವಾಪಸು ಅವರ ಕೈಗಿಡುತ್ತಿದ್ದುದನ್ನು ತಂಗಿ ಎಷ್ಟೋ ಸಲ ನೋಡಿದ್ದಳು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದು ಈ ಗಳಿಗೆಯಲ್ಲಿ ಅವಳಿಗೆ ಹೊಸ ಸುದ್ದಿಯಂತಿತ್ತು.

ಹಾಗೆಂದು ಅಕ್ಕ ಬಿಟ್ಟುಬಿಡುವವಳಲ್ಲ. 'ಒಂದು ಫೋನ್ ಮಾಡೋಕೇನಾಗಿತ್ತು ನಿನಗೆ? ಇವರಂತೂ ಹೇಳಲ್ಲ, ಗೊತ್ತಿರೋದೇ. ನಿನಗೆ ಬಾಯಿಲ್ವಾ?' ಎಂದು ತಿರುಗಿದಳು. ಗುದ್ದಿದವರು ಯಾರೋ, ಬೈಗುಳ ಯಾರಿಗೋ. ಹಿಂದಿನ ದಿನಗಳಾಗಿದ್ದರೆ ತಂಗಿ ತಲೆ ತಗ್ಗಿಸುತ್ತಿದ್ದಳು. ಈಗ, 'ತಪ್ಪಾಯ್ತು, ಮಾಡಬೇಕಿತ್ತು' ಎಂದಳು, ಇದ್ದ ತಪ್ಪಿಗೆ ಇದ್ದಷ್ಟೇ ಬೆಲೆ ಕಟ್ಟಿ. ಅಕ್ಕ ಗಂಡನ ಕಡೆಗೆ ಕೈ ಚಾಚಿದಳು, ಭಾವ ಜೇಬಿನಿಂದ ಬೀಗದ ಕೈ ತೆಗೆದು ಅಂಗೈ ಮೇಲಿಟ್ಟರು. ಬ್ಯಾಗು ಮುಂದಿನ ಸೀಟಿಗೆ ಹೋಯಿತು. ಭಾವ ಹಿಂದೆ, ಆ ಬಾಗಿಲಿನಿಂದಲೇ ಹತ್ತಬೇಕಾಯಿತು. ಎರಡು ಬೆರಳಲ್ಲಿ ತೆರೆದು, ಒಳಗೆ ಕೂತು, ಗಾಜಿನ ಲೋಟ ಇಡುವ ಹಾಗೆ ಎಳೆದುಕೊಂಡರು. ಬಾಗಿಲು ಕೂರಲಿಲ್ಲ.

'ಜೋರಾಗಿ ಹಾಕಿ ಭಾವ, ಏನೂ ಆಗಲ್ಲ. ಬಣ್ಣ ಅದು, ಬೆಣ್ಣೆ ಅಲ್ಲ' ಎಂದಳು ಅವಳು. ಅಕ್ಕ ಕನ್ನಡಿಯಲ್ಲಿ ಹಿಂದೆ ನೋಡಿ ತುಟಿ ಬಿಗಿದಳು. ನಗು ತಡೆದದ್ದೋ ಸಿಟ್ಟೋ ಭಾವನಿಗೆ ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ.

ಕಾರು ಶೆಡ್ಡಿನ ಹೊಸ್ತಿಲು ದಾಟಿ ಬಿಸಿಲಿಗೆ ಬಂದು ನಿಂತಿತು. ಬಿಸಿಲಿನಲ್ಲಿ ಬಾನೆಟ್ಟು ಕಣ್ಣು ಕುಕ್ಕಿತು, ಬಾಗಿಲಿನ ಮಂಕು ಒಳಗಿದ್ದುದಕ್ಕಿಂತ ಇನ್ನೂ ಎದ್ದು ಕಂಡಿತು. ಅಕ್ಕ ಗಾಜು ಇಳಿಸಿ ಅವಳನ್ನು ಕರೆದಳು.

'ಎರಡು ತಿಂಗಳು ಇದನ್ನ ಅಂಗಡಿ ಮುಂದೆ ಹೀಗೇ ನಿಲ್ಲಿಸಬೇಕು ತಾನೆ? ಬಂದವರೆಲ್ಲ ಕೇಳ್ತಾರೆ. ಏನು ಹೇಳಲಿ?'

ಅಕ್ಕ ಹಿಂದೆಂದೂ ತನ್ನನ್ನು ಏನು ಹೇಳಲಿ ಎಂದು ಕೇಳಿದ್ದು ಅವಳಿಗೆ ನೆನಪಿರಲಿಲ್ಲ. 'ಆರೋ ತನಕ ಮುಟ್ಟಬೇಡ ಅಂತ ತಂಗಿ ಹೇಳಿದ್ದಾಳೆ ಅನ್ನು.'

'ಅವಳಿಗೆ ಇದೆಲ್ಲ ಹೇಗೆ ಗೊತ್ತು ಅಂತಾರೆ.'

'ಅದೇ ಕೆಲಸ ಮಾಡ್ತಾಳೆ ಅನ್ನು. ಕಾರಿಗೆ ಪಾಲಿಶ್ ಮಾಡ್ತಾಳೆ ಅನ್ನು.'

ಅವಳು ಬಟ್ಟೆ ಹಿಡಿದ ಕೈಯನ್ನು ಕಿಟಕಿಯ ಅಂಚಿನ ಮೇಲಿಟ್ಟುಕೊಂಡೇ ನಿಂತಿದ್ದಳು. ಅಕ್ಕ ಮುಂದೆ ರಸ್ತೆಯನ್ನು ನೋಡುತ್ತ, ಗಿರಾಕಿಯ ಅಳತೆಯನ್ನು ಬರೆದುಕೊಳ್ಳುವ ಮೊದಲು ಬಾಯಲ್ಲೇ ಒಮ್ಮೆ ಹೇಳಿಕೊಳ್ಳುವ ಹಾಗೆ, ಮೆಲ್ಲಗೆ ಹೇಳಿಕೊಂಡಳು: 'ನನ್ನ ತಂಗಿ. ಕಾರಿಗೆ ಪಾಲಿಶ್ ಮಾಡ್ತಾಳೆ.' ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಆಮೇಲೆ ಗೇರ್ ಹಾಕಿದಳು.